ಅಡ್ಡಹೆಸರಿನ ಬೇರು

೧

ಮನುಷ್ಯನಿಗೆ ಹೆಸರುಗಳು ಎರಡು. ಒಂದು, ತೊಟ್ಟಿಲಲ್ಲಿ ಹಾಕಿದಾಗ ಕಿವಿಯಲ್ಲಿ ಉಸುರಿದ ಹೆಸರು. ಇನ್ನೊಂದು, ಆ ತೊಟ್ಟಿಲನ್ನು ಕಟ್ಟುವ ಮೊದಲೇ ಮನೆಯಲ್ಲಿ ಕಾದಿದ್ದ ಹೆಸರು. ಮೊದಲನೆಯದನ್ನು ಯಾರು ಇಟ್ಟರು, ಏಕೆ ಇಟ್ಟರು ಎಂಬುದನ್ನು ತಾಯಿಯೋ ಸೋದರತ್ತೆಯೋ ಹೇಳಬಲ್ಲರು. ಎರಡನೆಯದರ ಸಂಗತಿ ಕೇಳಿದರೆ ಮನೆಯ ಹಿರಿಯರೂ ಸುಮ್ಮನಾಗುತ್ತಾರೆ. ಈ ಎರಡನೆಯದನ್ನೇ ನಮ್ಮ ಕಡೆಯಲ್ಲಿ ಅಡ್ಡಹೆಸರು ಎನ್ನುತ್ತಾರೆ.

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಈ ಸೀಮೆಗಳಲ್ಲಿ ತಲೆತಲಾಂತರದಿಂದ ಬಾಳಿಕೊಂಡು ಬಂದ ಕನ್ನಡಿಗರಾದ ನಮಗೆ ಅಡ್ಡಹೆಸರು ಬರಿಯ ಕುತೂಹಲದ ವಿಷಯವಲ್ಲ. “ನಿಮ್ಮ ಹೆಸರಿನ ತುದಿಗೆ ‘ಕರ’ ಎಂದಿದೆ, ನೀವು ಕನ್ನಡಿಗರು ಹೇಗಾದೀರಿ?” ಎಂದು ಹೊಳೆಯಾಚೆಯ ನೆಂಟರು ನಗುತ್ತಾರೆ. “ಮನೆಯಲ್ಲಿ ಕನ್ನಡವಾಡುತ್ತೀರಲ್ಲ, ಈ ಕಡೆಗೆ ಎಂದು ಬಂದಿರಿ?” ಎಂದು ಈಚೆಯ ನೆರೆಹೊರೆಯವರು ಯಾವ ದುರುದ್ದೇಶವೂ ಇಲ್ಲದೆ ಕೇಳುತ್ತಾರೆ. ಈ ಎರಡು ಪ್ರಶ್ನೆಗಳಿಗೂ ನಾವು ಬಹುಕಾಲ ಸಿಟ್ಟಿನಿಂದಲೇ ಉತ್ತರ ಕೊಡುತ್ತಿದ್ದೆವು. ಸಿಟ್ಟಿಗಿಂತ ಶೋಧವು ಮೇಲೆಂದು ತಿಳಿದುದು ತಡವಾಗಿ. ಹಾಗೆ ತಡವಾಗಿ ಕೈಕೊಂಡ ಶೋಧದಲ್ಲಿ ನಮಗೆ ತಿಳಿದುಬಂದ ಕೆಲವು ಸಂಗತಿಗಳನ್ನು ಸಂಘದ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೨

ಅಡ್ಡಹೆಸರು ಬಹು ಪ್ರಾಚೀನವಾದ ವಸ್ತುವೆಂದು ಸಾಮಾನ್ಯವಾಗಿ ನಮ್ಮ ತಿಳಿವಳಿಕೆ. ಶಾಸನಗಳನ್ನು ನೋಡಿದರೆ ಹಾಗೆ ತೋರುವುದಿಲ್ಲ. ನಮ್ಮ ನಾಡಿನ ಹಳೆಯ ಕಲ್ಲುಗಳಲ್ಲಿ ಒಬ್ಬನನ್ನು ಗುರುತಿಸುವ ಬಗೆ ಬೇರೆ: ಇಂಥವನ ಮಗನು, ಇಂಥ ಊರ ಗಾವುಂಡನು, ಇಂಥ ದೇವರ ಭಕ್ತನು. ತಂದೆ, ಊರು, ಅಧಿಕಾರ, ದೇವರು ಇವು ನಾಲ್ಕು ಸೇರಿದರೆ ಮನುಷ್ಯನ ಗುರುತು ಪೂರ್ಣವಾಗುತ್ತಿತ್ತು. ಮುಂದೆ ಈ ನಾಲ್ಕರಲ್ಲಿ ಯಾವುದೋ ಒಂದು ಮಕ್ಕಳಿಗೂ ಮೊಮ್ಮಕ್ಕಳಿಗೂ ಅಂಟಿಕೊಂಡು ನಿಂತಿತು. ಅದೇ ಅಡ್ಡಹೆಸರು.

ಅಧಿಕಾರದಿಂದ ಬಂದ ಹೆಸರುಗಳು ಎಲ್ಲರಿಗೂ ಗೊತ್ತಿರುವವು. ಊರಿನ ಮುಖ್ಯಸ್ಥನು ಗೌಡ ಅಥವಾ ಪಾಟೀಲ. ಲೆಕ್ಕ ಬರೆಯುವವನು ಕುಲಕರ್ಣಿ. ಪರಗಣೆಯ ಮುಖ್ಯಸ್ಥನು ದೇಸಾಯಿ ಅಥವಾ ನಾಡಗೌಡ. ಅಲ್ಲಿಯ ಲೆಕ್ಕದವನು ದೇಶಪಾಂಡೆ ಅಥವಾ ನಾಡಕರ್ಣಿ. ಶಾಸನಗಳ ಗಾವುಂಡನೇ ಇಂದಿನ ಗೌಡನು. ಶಾಸನಗಳ ಪಟ್ಟಕೀಲನೇ ಇಂದಿನ ಪಾಟೀಲನು. ಹಾಗೆಯೇ ಕಸುಬಿನಿಂದ ಬಂದವು ಬಡಿಗೇರ, ಕಮ್ಮಾರ, ಪತ್ತಾರ, ಗಾಣಿಗೇರ, ಹೂಗಾರ, ಕುಂಬಾರ. ಮಠದಿಂದ ಬಂದವು ಹಿರೇಮಠ, ಸಾಲಿಮಠ. ಮಾರುವ ಸರಕಿನಿಂದ ಬಂದವು ಬೆಲ್ಲದ, ಉಪ್ಪಿನ, ಉಳ್ಳಾಗಡ್ಡಿ, ಮೆಣಸಿನಕಾಯಿ. ಮನೆ ನಿಂತ ನೆಲದಿಂದ ಬಂದವು ಹೊಸಮನಿ, ದೊಡಮನಿ, ಕೆಳಗಿನಮನಿ, ಬಾವಿಕಟ್ಟಿ. ಇವುಗಳಲ್ಲಿ ಕೊನೆಯ ಎರಡು ಬಗೆಗಳನ್ನು ಹೊರಗಿನವರು ಕೇಳಿ ನಗುವುದುಂಟು. ನಮಗೆ ಮಾತ್ರ ಅವೇ ಹೆಚ್ಚು ನಂಬಿಕೆಗೆ ಪಾತ್ರವಾಗಿ ಕಾಣುತ್ತವೆ. ದೇಸಾಯಿ ಎಂದು ಕರೆಯಿಸಿಕೊಳ್ಳಲು ಆಶೆಪಟ್ಟವರು ಇದ್ದಾರು. ಉಳ್ಳಾಗಡ್ಡಿ ಎಂದು ಕರೆಯಿಸಿಕೊಳ್ಳಲು ಯಾರೂ ಸುಳ್ಳು ಹೇಳಲಾರರು.

ಇನ್ನು ಊರಿನಿಂದ ಬಂದ ಹೆಸರು. ಮರಾಠಿಯಲ್ಲಿ ಊರಹೆಸರಿಗೆ ‘ಕರ’ ಎಂದು ಸೇರಿಸಿದರೆ ‘ಆ ಊರಿನವನು’ ಎಂದಾಗುತ್ತದೆ. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ಇಂಡಿಯಲ್ಲಿಯೇ ಹುಟ್ಟಿ ಇಂಡಿಯಲ್ಲಿಯೇ ಇರುವವನನ್ನು ಆ ಊರಿನವರಾರೂ ಇಂಡೀಕರ ಎಂದು ಕರೆಯಬೇಕಾಗಿಲ್ಲ. ಅಲ್ಲಿ ಎಲ್ಲರೂ ಇಂಡಿಯವರೇ. ಅವನು ಬೇರೆ ಊರಿಗೆ ಹೋಗಿ ನಿಂತಾಗ ಅಲ್ಲಿಯವರು ಇಟ್ಟ ಹೆಸರದು. ಆದುದರಿಂದ ‘ಕರ’ ಎಂಬುದು ಬಹುಮಟ್ಟಿಗೆ ಊರು ಬಿಟ್ಟವನ ಗುರುತು. ಅವನು ಯಾವ ಮಾತನ್ನಾಡುತ್ತಿದ್ದನೆಂಬುದರ ಗುರುತಲ್ಲ. ಮಂಗಳವೇಢೇಕರ ಎಂಬ ಹೆಸರನ್ನು ತೆಗೆದುಕೊಳ್ಳಿರಿ. ಅದರ ತುದಿ ಮರಾಠಿಯದು. ಬುಡವಾದರೋ ಕಲಚುರಿ ಬಿಜ್ಜಳನ ಮನೆತನದವರು ಆಳಿದ ಮಂಗಳವಾಡ.

ಊರುಗಳ ಹೆಸರು ಒಂದು ನುಡಿಯದಾಗಿ, ಅಲ್ಲಿಯ ಬರೆಹ ಇನ್ನೊಂದು ನುಡಿಯದಾಗಿರುವುದು ನಮ್ಮ ಸೀಮೆಗೆ ಹೊಸತಲ್ಲ. ಭೀಮಾ ಸೀನಾ ನದಿಗಳು ಕೂಡುವಲ್ಲಿ ಹತ್ತರಸಂಗ ಕೂಡಲ ಎಂಬ ಕ್ಷೇತ್ರವಿದೆ. ‘ಕೂಡಲ’ ಎಂಬುದು ಅಚ್ಚಗನ್ನಡ ಮಾತು. ಅಲ್ಲಿಯ ಸಂಗಮೇಶ್ವರ ದೇವಾಲಯದಲ್ಲಿ ದೊರೆತಿರುವುದು ಶಕ ೯೪೦ರ, ಅಂದರೆ ಕ್ರಿ. ಶ. ೧೦೧೮ರ, ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲೊಂದು. ಸಾವಿರ ವರ್ಷಗಳ ಹಿಂದೆಯೇ ಎರಡು ನುಡಿಗಳು ಒಂದೇ ಗುಡಿಯ ಕಂಬಗಳ ನಡುವೆ ಕೂಡಿ ನಿಂತಿದ್ದವು. ಹೀಗಿರಲು, ಒಂದು ಹೆಸರಿನ ತುದಿಯನ್ನು ಹಿಡಿದು ಒಂದು ಮನೆತನದ ನುಡಿಯನ್ನು ತೀರ್ಮಾನಿಸುವುದು ಹೇಗೆ ಸರಿಯಾದೀತು?

೩

ಅಡ್ಡಹೆಸರು ಒಂದೆಡೆ ನಿಲ್ಲತೊಡಗಿದುದು ದಫ್ತರುಗಳ ಕಾಲದಲ್ಲಿ. ಮುಂಬಯಿ ಇಲಾಖೆಯಲ್ಲಿ ೧೮೩೫ರಲ್ಲಿ ಇಂದಾಪುರ ತಾಲೂಕಿನಿಂದ ಹೊಸ ಭೂಮಾಪನ ಪದ್ಧತಿ ಆರಂಭವಾಗಿ ಮುಂದಿನ ದಶಕಗಳಲ್ಲಿ ಸೊಲ್ಲಾಪುರ, ವಿಜಾಪುರಗಳಿಗೂ ಬಂದಿತು. ಹೊಲಹೊಲಕ್ಕೂ ಒಂದು ನಂಬರು, ನಂಬರಿಗೊಬ್ಬ ಖಾತೆದಾರ. ಖಾತೆದಾರನ ಹೆಸರನ್ನು ಬರೆಯುವಾಗ ಕಾರಕೂನನಿಗೆ ಮೂರು ಪದಗಳು ಬೇಕು: ತನ್ನದು, ತಂದೆಯದು, ಮನೆತನದ್ದು. ಮೂರನೆಯದು ಇಲ್ಲದವನಿಗೆ ಕಾರಕೂನನೇ ಒಂದನ್ನು ಕೊಟ್ಟನು. ಹೆಸರುಗಳಿಗೆ ಅನುವಾದದ ಗತಿಯೂ ಬಂದಿತು. ನಮ್ಮ ಬಡಿಗೇರನು ಮರಾಠಿ ಪಟ್ಟಿಯಲ್ಲಿ ಸುತಾರನಾದನು, ಕಮ್ಮಾರನು ಲೋಹಾರನಾದನು, ಗಾಣಿಗೇರನು ತೇಲಿಯಾದನು, ಗೌಡನು ಪಾಟೀಲನಾದನು. ಅಣ್ಣನು ಹಳ್ಳಿಯಲ್ಲಿ ಉಳಿದು ಬಡಿಗೇರನಾಗಿಯೇ ಇರಲು, ತಮ್ಮನು ಪಟ್ಟಣ ಸೇರಿ ಸುತಾರನಾದರೆ, ಮೂರು ತಲೆಮಾರು ಕಳೆದ ಮೇಲೆ ಇವರಿಬ್ಬರ ಮೊಮ್ಮಕ್ಕಳು ತಾವು ಒಂದೇ ಒಲೆಯ ಬೂದಿಯೆಂದು ಅರಿಯುವುದು ಹೇಗೆ?

ದೊಡ್ಡ ಮನೆತನಗಳ ಹೆಸರೂ ಬದಲಾಗದೆ ಇರಲಿಲ್ಲ. ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿಹೋದ ನಮ್ಮ ಎರಡು ಸಂಸ್ಥಾನಗಳನ್ನೇ ನೋಡಿರಿ. ಜತ್ತ ಸಂಸ್ಥಾನವನ್ನು ಆಳಿದವರು ಡಫಳೆಯವರು. ಅವರ ಮೂಲ ಹೆಸರು ಚವ್ಹಾಣ. ಡಫಳಾಪುರ ಎಂಬ ಗ್ರಾಮದ ಪಾಟೀಲಕಿ ಅವರ ವಂಶಪರಂಪರೆಯ ಹಕ್ಕಾಗಿದ್ದುದರಿಂದ ಡಫಳೆ ಎಂಬ ಹೆಸರು ಬಂದಿತು. ಅಕ್ಕಲಕೋಟ ಸಂಸ್ಥಾನದ ಮೂಲಪುರುಷ ಫತೇಸಿಂಹ ಭೋಸಲೆಯು ಹುಟ್ಟಿನಿಂದ ಭೋಸಲೆಯಲ್ಲ. ಅವನು ರಾಣೋಜಿ ಲೋಖಂಡೆ. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಆ ಬಾಲಕನನ್ನು ಶಾಹೂ ಮಹಾರಾಜನು ಮಗನಂತೆ ಸಾಕಿ ತನ್ನ ಮನೆತನದ ಹೆಸರನ್ನು ಕೊಟ್ಟನು. ಒಂದು ಹೆಸರು ಊರಿನಿಂದ ಬಂದಿತು, ಇನ್ನೊಂದು ವಾತ್ಸಲ್ಯದಿಂದ ಬಂದಿತು. ಇದರಿಂದ ಎರಡು ಪಾಠಗಳು ಸಿಗುತ್ತವೆ. ಹೆಸರು ಬೇರೆಯಾದ ಮಾತ್ರಕ್ಕೆ ರಕ್ತ ಬೇರೆಯಲ್ಲ. ಹೆಸರು ಒಂದಾದ ಮಾತ್ರಕ್ಕೆ ರಕ್ತ ಒಂದಲ್ಲ. ಪಾಟೀಲರು ಮರಾಠರಲ್ಲಿದ್ದಾರೆ, ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮುಸಲ್ಮಾನರಲ್ಲಿಯೂ ಇದ್ದಾರೆ.

೪

ಹಾಗಾದರೆ ಮನೆತನದ ಮೂಲವನ್ನು ಹುಡುಕುವುದು ಹೇಗೆ? ನಮ್ಮ ಅನುಭವದಲ್ಲಿ ಇದಕ್ಕೆ ಮೊದಲನೆಯ ನಿಯಮ, ತಿಳಿದುದರಿಂದ ತಿಳಿಯದುದರ ಕಡೆಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ನಡೆಯುವುದು. ಬಸವಣ್ಣನವರ ಕಾಲದಿಂದಲೋ ಶಿವಾಜಿಯ ಕಾಲದಿಂದಲೋ ಹೊರಟು ಮುಂದಕ್ಕೆ ಬರತೊಡಗಿದರೆ ನಮಗೆ ಬೇಕಾದ ದೊಡ್ಡವರ ವಾಡೆಯ ಮುಂದೆ ಬಂದು ನಿಲ್ಲುವುದು ಸುಲಭ. ನಮ್ಮ ಮನೆಯ ಬಾಗಿಲಿಗೆ ಬರುವುದು ಕಷ್ಟ.

ಹಿರಿಯರ ಬಾಯಿಂದ ಕೇಳಿ ಬರೆದುಕೊಳ್ಳುವುದು ಮೊದಲ ಮೆಟ್ಟಿಲು. ಎರಡನೆಯದು ಮನೆದೇವರು. ಊರು ಬಿಟ್ಟವನು ಹೊಲ ಬಿಟ್ಟಾನು, ಹೆಸರು ಬಿಟ್ಟಾನು. ಮನೆದೇವರನ್ನು ಬೇಗ ಬಿಡನು. ಸೊಲ್ಲಾಪುರದ ಮನೆಯೊಂದು ಮದುವೆಯಾದೊಡನೆ ಬಾದಾಮಿಯ ಬನಶಂಕರಿಗೋ ಸವದತ್ತಿಯ ಎಲ್ಲಮ್ಮನಿಗೋ ನಡೆದುಕೊಳ್ಳುತ್ತಿದ್ದರೆ ಅವರ ಹಳೆಯ ದಾರಿ ಯಾವ ಕಡೆಯದೆಂದು ಊಹಿಸಬಹುದು. ಆದರೆ ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮನಿಗೆ ನಡೆದುಕೊಳ್ಳುವವರು ಗಡಿಯ ಎರಡೂ ಕಡೆ ಹರಡಿದ್ದಾರೆ, ಬನಶಂಕರಿಯನ್ನು ಕುಲದೇವತೆಯೆಂದು ಎಣಿಸುವ ಮರಾಠಿ ಮನೆತನಗಳೂ ಬಹಳ ಇವೆ.

ಮೂರನೆಯದು ಸರಕಾರದ ಕಾಗದಪತ್ರಗಳು. ವತನದಾರರಿಗೆ ಈ ದಾರಿ ಹಸನಾಗಿದೆ. ೧೮೫೨ರ ಇನಾಮು ಕಮಿಶನ್ನಿನ ವಿಚಾರಣೆಯಲ್ಲಿ ತಮ್ಮ ಹಕ್ಕನ್ನು ಸಿದ್ಧಪಡಿಸಲು ಇನಾಮುದಾರರು ಸನದುಗಳನ್ನೂ ವಂಶಾವಳಿಗಳನ್ನೂ ಹಾಜರುಪಡಿಸಬೇಕಾಯಿತು. ೧೮೭೪ರ ವತನ ಕಾನೂನಿನ ಮೇರೆಗೆ ಯಾವ ಶಾಖೆಯವರು ಚಾಕರಿಗೆ ಅರ್ಹರೆಂಬುದನ್ನು ದಫ್ತರಿನಲ್ಲಿ ನಮೂದಿಸಿದರು. ೧೯೫೧ರ ಮೇ ೧ರಿಂದ ಕುಲಕರ್ಣಿ ವತನಗಳೂ ೧೯೬೩ರ ಜನವರಿ ೧ರಿಂದ ಪಾಟೀಲಕಿಯೂ ಇಲ್ಲದಂತಾದವು. ಕಾಗದಗಳು ಮಾತ್ರ ಉಳಿದವು. ಉಳಿದವರಿಗೆ ಆಧಾರವೆಂದರೆ ೧೯೦೩ರ ಕಾನೂನಿನಿಂದ ಮುಂದೆ ಬಂದ ಹಕ್ಕುನೋಂದಣಿಯ ಪುಸ್ತಕ, ಅದರ ಫೇರಫಾರಗಳು, ಹುಟ್ಟುಸಾವುಗಳನ್ನು ಬರೆದ ಕೋತವಾಲ ಬುಕ್ಕು. ಹಳೆಯ ನಮೂದುಗಳಲ್ಲಿ ಹೆಚ್ಚಿನವು ಮೋಡಿ ಲಿಪಿಯಲ್ಲಿರುವುದೇ ಇಲ್ಲಿ ತೊಡಕು. ೨೦೨೩ರಲ್ಲಿ ಮಹಾರಾಷ್ಟ್ರ ಸರಕಾರವು ಕುಣಬಿ ಎಂಬ ನಮೂದುಗಳನ್ನು ಹಳೆಯ ದಫ್ತರುಗಳಲ್ಲಿ ಹುಡುಕಿಸಹತ್ತಿದಾಗ, ಅಲ್ಲಿಯವರೆಗೆ ಯಾರೂ ವಿಚಾರಿಸದಿದ್ದ ಮೋಡಿ ಬಲ್ಲ ಮುದುಕರಿಗೆ ಒಮ್ಮೆಲೇ ಕರೆ ಬಂದಿತು. ಒಂದು ಹಾಳೆಯ ಮೇಲಿನ ಒಂದು ಶಬ್ದಕ್ಕೆ ಎಷ್ಟು ಜನರ ಬಾಳು ಕಟ್ಟುಬಿದ್ದಿರುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ನಾಲ್ಕನೆಯದು ತೀರ್ಥಕ್ಷೇತ್ರಗಳ ವಹಿಗಳು. ತ್ರ್ಯಂಬಕ, ಕಾಶಿ, ಗಯಾ ಮೊದಲಾದೆಡೆಗಳ ಉಪಾಧ್ಯಾಯರು ಬಂದ ಯಾತ್ರಿಕರ ಊರು, ಮನೆತನ, ತಂದೆ ತಾತಂದಿರ ಹೆಸರು ಬರೆದಿಟ್ಟುಕೊಂಡು ಅವರ ಸಂತತಿಯವರು ಬಂದಾಗ ತೆರೆದು ತೋರಿಸುತ್ತಾರೆ. ಯಾತ್ರೆಗೆ ಹೋಗುವಷ್ಟು ಅನುಕೂಲವಿದ್ದ ಮನೆಗಳಿಗೆ ಇದು ಒಳ್ಳೆಯ ಸಾಧನ.

ಒಕ್ಕಲುತನದ ಸಾಮಾನ್ಯ ಮನೆಗೆ ವತನವಿರಲಿಲ್ಲ, ಕಾಶಿಗೆ ಹೋಗುವ ಶಕ್ತಿಯೂ ಇರಲಿಲ್ಲ. ಅಂಥ ಮನೆಯ ವಂಶಾವಳಿಯನ್ನು ಯಾರು ಬರೆದಿಟ್ಟರು? ಅದನ್ನು ಬರೆದಿಟ್ಟವರು ಹೆಳವರು.

೫

ಹೆಳವನೆಂದರೆ ಕಾಲಿಲ್ಲದವನು. ಅಣ್ಣತಮ್ಮಂದಿರಲ್ಲಿ ಒಬ್ಬನು ಕುಂಟನಾಗಿದ್ದನೆಂದೂ, ಹೊಲದ ಕೆಲಸ ಅವನಿಂದಾಗದೆಂದು ಉಳಿದವರು ಅವನನ್ನು ಎತ್ತಿನ ಮೇಲೆ ಕೂಡಿಸಿ, “ನೀನು ನಮ್ಮ ಮನೆತನದ ಹೆಸರುಗಳನ್ನು ಹೇಳುತ್ತ ಬಾ, ನಾವು ನಿನಗೆ ಕಾಳು ಕೊಡುತ್ತೇವೆ” ಎಂದರೆಂದೂ ಒಂದು ಕಥೆ ಹೇಳುತ್ತಾರೆ. ಆಂಧ್ರ ತೆಲಂಗಾಣಗಳ ಕಡೆ ಇದೇ ವೃತ್ತಿಯವರಿಗೆ ಪಿಚ್ಚಿಗುಂಟ್ಲವರೆಂದು ಹೆಸರು. ಹೆಳವರಲ್ಲಿ ಮನೆತನಗಳ ಹಂಚಿಕೆಯುಂಟು. ಒಬ್ಬನ ಒಕ್ಕಲಿಗೆ ಇನ್ನೊಬ್ಬನು ಹೋಗುವುದಿಲ್ಲ. ಮೂಲ ಊರು, ಬೆಡಗು, ಮನೆದೇವರು, ಯಾರು ಎಲ್ಲಿಂದ ಎಲ್ಲಿಗೆ ಹೋದರು, ಯಾರಿಗೆ ಎಷ್ಟು ಗಂಡುಮಕ್ಕಳು ಇವೆಲ್ಲ ಅವರ ಹೊತ್ತಗೆಯಲ್ಲಿರುತ್ತವೆ.

ನಾವು ಚಿಕ್ಕವರಿದ್ದಾಗ, ೧೯೬೦ರ ದಶಕದ ಮೊದಲಲ್ಲಿ, ಬಿಳಿಜೋಳದ ರಾಶಿ ಮುಗಿದ ಮೇಲೆ ಒಂದು ಮುಂಜಾವು ಹೆಳವನು ನಮ್ಮ ಹಳ್ಳಿಗೆ ಬಂದುದು ನೆನಪಿದೆ. ಇಂದಿನ ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಭೀಮೆಯ ದಂಡೆಗೆ ಸಮೀಪದ ಊರದು. ಎತ್ತಿನ ಮೇಲೆ ಕುಳಿತು, ಕೈಗಂಟೆ ಬಾರಿಸುತ್ತ, ನಮ್ಮ ಹೊಸ್ತಿಲ ಮುಂದೆ ನಿಂತು ಅವನು ಹೆಸರುಗಳನ್ನು ಹೇಳತೊಡಗಿದನು. ಅಜ್ಜನು ಮುಂಡಾಸ ಸರಿಪಡಿಸಿಕೊಂಡು ಹೊರಗೆ ಬಂದು ನಿಂತರು. ತಮ್ಮ ತಂದೆಯ ಹೆಸರು ಬಂದಾಗ ಅವರು ಕೈಮುಗಿದುದನ್ನು ನಾವು ಕಂಡೆವು. ಹೆಳವನಿಗೆ ಎರಡು ಬುಟ್ಟಿ ಜೋಳ, ಒಂದು ಧೋತರ ಸಂದವು. ನಾವು ಎತ್ತಿನ ಕೊಂಬಿನ ಗೊಂಡೆಗಳನ್ನು ನೋಡುತ್ತ ನಿಂತಿದ್ದೆವೇ ಹೊರತು ಹೆಸರುಗಳಿಗೆ ಕಿವಿಗೊಡಲಿಲ್ಲ. ಆ ಅಲಕ್ಷ್ಯಕ್ಕೆ ನಾವು ಮುಂದೆ ನಲವತ್ತು ವರ್ಷಗಳ ದಂಡ ತೆತ್ತೆವು.

ಅದೇ ವರ್ಷ ನಮ್ಮನ್ನು ಪಟ್ಟಣದ ಶಾಲೆಗೆ ಹಾಕಿದರು. ಊರಲ್ಲಿ ನಮ್ಮನ್ನು ಕರೆಯುತ್ತಿದ್ದುದು ‘ಕೆಳಗಿನಮನಿಯವರು’ ಎಂದು. ಶಾಲೆಯ ಗುರುಗಳಿಗೆ ಆ ಹೆಸರು ಉದ್ದವೆನಿಸಿತೋ ಅರ್ಥವಾಗಲಿಲ್ಲವೋ, ಊರಿನ ಹೆಸರು ಕೇಳಿ ಅದಕ್ಕೊಂದು ‘ಕರ’ ಸೇರಿಸಿ ಬರೆದುಕೊಂಡರು. ಜೊತೆಗೆ ಬಂದಿದ್ದ ತಂದೆಯವರು ಹೆಬ್ಬಾಗಿಲಲ್ಲಿ ನಿಂತು ನೋಡಿದರು, ಏನೂ ಅನ್ನಲಿಲ್ಲ. ಇಂದು ನಮ್ಮ ಬಳಗದಲ್ಲಿ ನಲವತ್ತಕ್ಕೂ ಹೆಚ್ಚು ಜನರು ಆ ‘ಕರ’ವನ್ನು ಹೊತ್ತಿದ್ದಾರೆ. ಅವರಲ್ಲಿ ಎಳೆಯರು ಅದು ಅನಾದಿಯೆಂದೇ ನಂಬಿದ್ದಾರೆ.

ಹೀಗೆ ಮೊದಲ ಮೆಟ್ಟಿಲು ನಮಗೆ ತಾನಾಗಿಯೇ ತಿಳಿದಿತ್ತು. ಎರಡನೆಯದು ‘ಕೆಳಗಿನಮನಿ’. ಇದಕ್ಕಾಗಿ ಹಳೆಯ ಖಾತೆಯ ಪುಸ್ತಕಗಳನ್ನು ತೆಗೆಯಿಸಿ, ಮೋಡಿ ಬಲ್ಲ ನಿವೃತ್ತ ಶಿಕ್ಷಕರೊಬ್ಬರಿಂದ ಓದಿಸಿದೆವು. ನಮ್ಮ ಅಜ್ಜನ ಅಜ್ಜನವರೆಗೆ ಎಲ್ಲವೂ ಸರಿಯಾಗಿ ಬಂದಿತು. ಅವರಿಗಿಂತ ಹಿಂದೆ ಅದೇ ಹೊಲವು ಅದೇ ಮನೆಯ ಹೆಸರಿನ ಬೇರೊಬ್ಬರ ಖಾತೆಯಲ್ಲಿತ್ತು. ಆದರೆ ನಮ್ಮ ಹಿರಿಯರ ಹೆಸರಿನೊಡನೆ ಬರೆದ ತಂದೆಯ ಹೆಸರು ಆ ಖಾತೆದಾರನದಲ್ಲ. ದತ್ತಕವೇ ಎಂದು ಸಂಶಯಪಟ್ಟೆವು. ದತ್ತಕಪತ್ರವೂ ಇಲ್ಲ.

ಇಲ್ಲಿ ನಮಗೆ ಹೆಳವನ ಹೊತ್ತಗೆ ಬೇಕಾಯಿತು. ಅವನ ಮಗನನ್ನು ಹುಡುಕಲು ಎರಡು ವರ್ಷ ಹಿಡಿದವು. ಅವನು ತಂದೆಯ ವೃತ್ತಿಯನ್ನು ಬಿಟ್ಟು ಬೇರೆ ದುಡಿಮೆಗೆ ಹತ್ತಿದ್ದನು. ಆದರೂ ಹೊತ್ತಗೆಗಳನ್ನು ಬಟ್ಟೆಯಲ್ಲಿ ಕಟ್ಟಿ ಜಂತಿಯ ಕೆಳಗೆ ತೂಗುಹಾಕಿದ್ದನು. ಊದುಬತ್ತಿ ಹಚ್ಚಿ ಗಂಟು ಬಿಚ್ಚಿದನು. ನಮ್ಮ ಅಜ್ಜನ ಅಜ್ಜನ ಹೆಸರಿನ ಮುಂದೆ, ಭೀಮೆಯಾಚೆಯ ಇಂಡಿ ಸೀಮೆಯ ಒಂದು ಹಳ್ಳಿಯ ಹೆಸರು ಬರೆದು, ಹೀಗೆ ನಮೂದಿಸಿತ್ತು: “ಬರದಾಗ ಹೊಳಿ ದಾಟಿದ. ಅಲ್ಲೇ ಅಳಿಯಾಗಿ ನಿಂತ.”

ಬರವೆಂದರೆ ೧೮೭೬ರಿಂದ ೧೮೭೮ರ ವರೆಗಿನ ದೊಡ್ಡ ಬರವೇ ಸರಿ. ಕಾಲಗಣನೆ ಅದಕ್ಕೇ ಹೊಂದುತ್ತದೆ. ಆಗ ಇಂಡಿಯ ಸೀಮೆಯು ಕಲಾದಗಿ ಜಿಲ್ಲೆಯಲ್ಲಿತ್ತು. ೧೮೭೨ರ ಜನಗಣತಿಯಲ್ಲಿ ಆ ಜಿಲ್ಲೆಯ ಜನಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿದ್ದಿತು. ೧೮೮೧ರಲ್ಲಿ ಅದು ಆರೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ಸತ್ತವರು ಸತ್ತರು, ಉಳಿದವರಲ್ಲಿ ಎಷ್ಟೋ ಜನರು ಊರು ಬಿಟ್ಟರು. ಸೊಲ್ಲಾಪುರಕ್ಕೆ ೧೮೬೦ರಲ್ಲಿಯೇ ರೈಲು ಬಂದಿತ್ತು. ಏಕರೂಕ ಕೆರೆ ೧೮೭೧ರಲ್ಲಿ ಮುಗ್ಗಲಾಗಿ ತುಂಬಿತ್ತು. ೧೮೭೭ರಲ್ಲಿ, ಬರದ ನಡುವೆಯೇ, ಮುಂದೆ ಜುನೀ ಗಿರಣಿ ಎಂದು ಹೆಸರಾದ ನೂಲುಗಿರಣಿ ಆರಂಭವಾಯಿತು. ಕಾಳು, ನೀರು, ಕೂಲಿ ಈ ಮೂರರ ಆಶೆಯಿಂದ ಜನರು ಉತ್ತರಕ್ಕೆ ನಡೆದರು. ನಮ್ಮ ಹಿರಿಯನು ಸೊಲ್ಲಾಪುರದವರೆಗೆ ಹೋಗಲಿಲ್ಲ. ಹೊಳೆ ದಾಟಿದ ಮೊದಲನೆಯ ಊರಿನಲ್ಲಿಯೇ ನಿಂತನು.

ಇನ್ನುಳಿದುದು ‘ಕೆಳಗಿನಮನಿ’ಯವರ ಹೊತ್ತಗೆ. ಅವರ ಬೆಡಗು ಬೇರೆ, ಆದುದರಿಂದ ಹೆಳವನೂ ಬೇರೆ. ನೆರೆಯೂರಿನಲ್ಲಿದ್ದ ಅವರ ದಾಯಾದಿಗಳ ಮುಖಾಂತರ ಆ ಹೊತ್ತಗೆಯನ್ನೂ ಕಂಡೆವು. ಅದರಲ್ಲಿ ಒಂಬತ್ತು ತಲೆಮಾರು, ಎಲ್ಲವೂ ಆ ಒಂದೇ ಊರಿನಲ್ಲಿ, ಸಾಲಾಗಿ ಇಳಿದು ಬಂದಿತ್ತು. ಕೊನೆಯ ಹೆಸರಿನ ಮುಂದೆ ಬರೆದಿದ್ದುದಿಷ್ಟು: “ಗಂಡು ಸಂತಾನ ಇಲ್ಲ. ಮನಿ ಮುಗೀತು.”

ವಾಚಕರು ಇದನ್ನು ನಮ್ಮೊಡನೆ ಒಂದು ಕ್ಷಣ ಯೋಚಿಸಬೇಕು. ಒಂದು ಹೊತ್ತಗೆಯ ಪ್ರಕಾರ ನಮ್ಮ ಮನೆ ಊರು ಬಿಟ್ಟು ಹೋಗಿದೆ. ಇನ್ನೊಂದು ಹೊತ್ತಗೆಯ ಪ್ರಕಾರ ನಮ್ಮ ಮನೆ ಮುಗಿದೇ ಹೋಗಿದೆ. ಎರಡೂ ಸುಳ್ಳಲ್ಲ. ಈ ಎರಡು ಹೊತ್ತಗೆಗಳ ನಡುವೆ, ಎರಡರಲ್ಲಿಯೂ ಹೆಸರಿಲ್ಲದೆ, ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಹೊಲ ಅವಳ ತಂದೆಯದು, ಮನೆ ಅವಳದು, ಊರಲ್ಲಿ ನಮಗೆ ನಡೆದು ಬಂದ ಹೆಸರು ಅವಳ ತವರಿನದು. ಹೊಳೆಯಾಚೆಯಿಂದ ಬಂದವನು ಹಸಿವೆಯೊಂದನ್ನೇ ತಂದಿದ್ದನು.

೬

ಇದನ್ನು ನಾವು ಬಳಗದ ಮುಂದೆ ಓದಿದ ದಿನ ಎಲ್ಲರಿಗೂ ಸಂತೋಷವಾಗಲಿಲ್ಲ. ನಾವು ದೇಸಗತಿಯ ಮನೆತನದ ಒಂದು ಶಾಖೆಯೆಂದೂ, ಕುದುರೆ ಕತ್ತಿಗಳೊಡನೆ ಇಲ್ಲಿಗೆ ಬಂದವರೆಂದೂ ಕೆಲವರು ಬಹುಕಾಲದಿಂದ ಹೇಳುತ್ತ ಬಂದಿದ್ದರು. ಹಿರಿಯರೊಬ್ಬರು, “ಮನೆಯಳಿಯನ ಸಂತಾನವೆಂದು ಹೇಳಿಕೊಂಡು ತಿರುಗುವುದೇ? ಬರೆಯಬೇಡಿರಿ” ಎಂದರು. ಅವರ ಮೇಲಿನ ಗೌರವದಿಂದ ನಾವು ಕೆಲವು ತಿಂಗಳು ಸುಮ್ಮನಿದ್ದೆವು.

ಆಮೇಲೆ ಮಹಾನವಮಿಯ ಅಮಾವಾಸ್ಯೆ ಬಂದಿತು. ಅಂದು ಹಿರಿಯರಿಗೆ ಎಡೆಯಿಡುವುದು ನಮ್ಮ ಮನೆಯ ನಡೆ. ಗಂಡಸರ ಎಡೆಗಳೆಲ್ಲ ಆದ ಮೇಲೆ ಒಂದು ಎಡೆ ಬೇರೆ. ಅದರ ಮೇಲೆ ಹಸಿರು ಬಳೆ, ಒಂದು ಖಣ. ನಮ್ಮ ಅಜ್ಜಿಯು ಅದನ್ನು ‘ಕೆಳಗಿನ ಮನಿ ಆಯಿ’ಯ ಎಡೆ ಎನ್ನುತ್ತಿದ್ದಳು. ಆ ಆಯಿ ಯಾರೆಂದು ಯಾರೂ ಕೇಳಿರಲಿಲ್ಲ. ಊರದೇವತೆಯೆಂದು ನಾವು ತಿಳಿದಿದ್ದೆವು. ಅಂದು ನಮ್ಮ ಸೋದರತ್ತೆಯು ಆ ಎಡೆಯನ್ನು ಬಡಿಸುತ್ತ, ತಲೆಯೆತ್ತದೆ, “ನೀವು ಹುಡುಕ್ಯಾಡಿ ತಂದಾಕಿಗೆ ನಾವು ಮೊದಲಿಂದ ಉಣ್ಣಾಕ ಇಡತೇವಿ” ಎಂದಳು. ದಫ್ತರವೂ ಹೊತ್ತಗೆಯೂ ಬಿಟ್ಟುದನ್ನು ಅಡಿಗೆಮನೆ ಬಿಟ್ಟಿರಲಿಲ್ಲ. ಬರೆಯಬೇಡಿರೆಂದ ಹಿರಿಯರು ಅಂದು ಆ ಎಡೆಗೆ ತಾವೇ ನೀರು ಬಿಟ್ಟರು. ಅನಂತರ ನಮಗೆ ಬರೆಯಲು ಸಂಕೋಚವುಳಿಯಲಿಲ್ಲ.

ಈಗ ಮೊದಲಿನ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬಹುದು. ‘ಕರ’ವನ್ನು ಕೊಟ್ಟುದು ಶಾಲೆಯ ಒಂದು ಪಟ್ಟಿ, ಅದು ೧೯೬೦ರ ದಶಕದ ಮೊದಲಿನದು. “ಎಂದು ಬಂದಿರಿ?” ಎಂಬುದಕ್ಕೆ ಉತ್ತರಗಳು ಎರಡು. ತಂದೆಯ ಸಾಲಿನಿಂದ ಎಣಿಸಿದರೆ ನಾವು ಬಂದುದು ೧೮೭೭ರ ಆಸುಪಾಸಿನಲ್ಲಿ. ತಾಯಿಯ ಸಾಲಿನಿಂದ ಎಣಿಸಿದರೆ ನಾವು ಬಂದೇ ಇಲ್ಲ. ಹೊತ್ತಗೆ ಹೇಳುವಷ್ಟು ಕಾಲದಿಂದಲೂ ಇಲ್ಲಿಯೇ ಇದ್ದೇವೆ. ಎಂದು ಬಂದಿರಿ ಎಂದು ಕೇಳುವವರೂ, ಬಂದಿಲ್ಲವೆಂದು ವಾದಿಸುವವರೂ ತಂದೆಯರನ್ನು ಮಾತ್ರ ಎಣಿಸುತ್ತಾರೆ. ಇನ್ನೂ ಒಂದು ಮಾತು. ನಮ್ಮ ಹಿರಿಯನು ಹೊಳೆ ದಾಟಿದಾಗ ಅವನು ಯಾವ ಗಡಿಯನ್ನೂ ದಾಟಲಿಲ್ಲ. ಎರಡೂ ದಂಡೆಗಳು ಆಗ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು. ಹೊಳೆಯು ರಾಜ್ಯಗಳ ಗಡಿಯಾದುದು ೧೯೫೬ರ ನವೆಂಬರ ೧ರಂದು. ಅದಕ್ಕೂ ಮುಂಚೆ ಭೀಮೆಯನ್ನು ದಾಟಿ ಆಚೆಗೂ ಈಚೆಗೂ ಹೆಣ್ಣು ಕೊಟ್ಟು ತಂದವರ ಲೆಕ್ಕವನ್ನು ಯಾವ ಆಯೋಗವೂ ತೆಗೆಯಲಾರದು.

ನಮ್ಮ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ. ಈ ಸಂಚಿಕೆ ಕೈಸೇರಿದ ವಾರದಲ್ಲಿಯೇ ಮನೆಯ ಅತ್ಯಂತ ಹಿರಿಯರ ಬಳಿ ಕುಳಿತು ಕೇಳಿ ಬರೆದಿಟ್ಟುಕೊಳ್ಳಿರಿ: ಮನೆದೇವರು ಯಾವುದು, ಬೆಡಗು ಯಾವುದು, ಹೊಲಗಳನ್ನು ಊರಲ್ಲಿ ಏನೆಂದು ಕರೆಯುತ್ತಾರೆ, ಶಾಲೆಗೆ ಹಾಕುವ ಮೊದಲು ಮನೆಯ ಹೆಸರು ಏನಿತ್ತು. ಇವೆಲ್ಲಕ್ಕಿಂತ ಮೊದಲು, ತಾಯಿ, ತಾಯಿಯ ತಾಯಿ, ತಂದೆಯ ತಾಯಿ ಇವರ ಹೆಸರುಗಳನ್ನೂ ತವರೂರುಗಳನ್ನೂ ಕೇಳಿರಿ. ಹೆಳವನ ಮನೆತನ ತಿಳಿದಿದ್ದರೆ ಅವರ ಹೊತ್ತಗೆಯ ನಕಲನ್ನು ಅವರ ಮನಸ್ಸು ನೋಯದಂತೆ, ಕಾಣಿಕೆಯೊಡನೆ, ಪಡೆದುಕೊಳ್ಳಿರಿ. ಬಂದ ಸಂಗತಿ ದೊಡ್ಡದಿರಲಿ ಸಣ್ಣದಿರಲಿ, ಅದನ್ನು ತಿದ್ದದೆ ಬರೆಯಿರಿ.

ನಮ್ಮ ಮನೆಯ ವಂಶವೃಕ್ಷವನ್ನು ಈಗ ಒಂದು ದೊಡ್ಡ ಕಾಗದದ ಮೇಲೆ ಬರೆದು ಗೋಡೆಗೆ ಹಚ್ಚಿದ್ದೇವೆ. ಹೊಳೆಯಾಚೆಯ ಹೆಸರುಗಳು ಒಂದು ಬದಿಗೆ, ಕೆಳಗಿನಮನಿಯ ಒಂಬತ್ತು ಹೆಸರುಗಳು ಇನ್ನೊಂದು ಬದಿಗೆ. ಎರಡೂ ಕೂಡುವಲ್ಲಿ ಒಂದು ಚೌಕವಿದೆ. ಅದರಲ್ಲಿ ಬರೆಯಲು ನಮ್ಮಲ್ಲಿ ಹೆಸರಿಲ್ಲ. ಆದುದರಿಂದ ಚೌಕವನ್ನು ಖಾಲಿಯಾಗಿಯೇ ಬಿಟ್ಟು, ಅದರಿಂದ ಕೆಳಗೆ ನಮ್ಮೆಲ್ಲರವರೆಗೆ ಗೆರೆಯನ್ನು ಎಳೆದಿದ್ದೇವೆ.